ನಂಬದವನಿಗೂ ಕ್ರಿಸ್‌ಮಸ್ ರಜೆ

  ಕೂತ್ಕೊಳ್ರಿ, ಹಿಂದೆ ನಿಂತವರು ಮುಂದೆ ಬರ್ರಿ, ಜಾಗ ಐತಿ.

ಇವತ್ತು ಒಂದು ಪ್ರಶ್ನೆಯ ಮೇಲೆ ಧ್ಯಾನ ಮಾಡೋಣ. ಈ ಪ್ರಶ್ನೆ ನಿಮ್ಮದೇ. ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಕಡೆಯಿಂದ ಹೊರಟು ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ ಯೌವನಸ್ಥರು ನೀವು. ಡಿಸೆಂಬರ್ ಬಂತು ಅಂದ್ರೆ ಪಿ.ಜಿ. ರೂಮಿನಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ ಒಬ್ಬ ಗೆಳೆಯ ಕೇಳೇ ಕೇಳ್ತಾನ: "ನಿಮ್ಮ ದೇವರು ಹುಟ್ಟಿದ್ದಕ್ಕ ಸರ್ಕಾರ ಯಾಕಪಾ ರಜಾ ಕೊಡಬೇಕು? ನಾನು ದೇವರನ್ನೇ ನಂಬಂಗಿಲ್ಲ. ನನ್ನ ತೆರಿಗೆ ರೊಕ್ಕದಾಗ ಎಲ್ಲಾರ ಹಬ್ಬ ಯಾಕ?"

ಈ ಪ್ರಶ್ನೆ ಬಂದಾಗ ನಮ್ಮವರು ಎರಡು ಕೆಲಸ ಮಾಡ್ತಾರ. ಕೆಲವರು ತಲೆ ತಗ್ಗಿಸಿ ಸುಮ್ಮನಾಗ್ತಾರ. ಇನ್ನು ಕೆಲವರು ರಾತ್ರಿ ವಾಟ್ಸಾಪ್ ಸ್ಟೇಟಸ್‌ನಲ್ಲಿ 14ನೇ ಕೀರ್ತನೆಯ ಮೊದಲನೆಯ ವಚನ ಹಾಕಿ, ದೇವರಿಲ್ಲ ಎನ್ನುವವನು ಮೂರ್ಖ ಅಂತ ಗೆಳೆಯನಿಗೆ ಓದಿಸ್ತಾರ. ಸುಮ್ಮನಾಗುವುದೂ ಸಾಕ್ಷಿಯಲ್ಲ, ಬೈಯುವುದೂ ಸಾಕ್ಷಿಯಲ್ಲ. ಆ ಕೀರ್ತನೆಯನ್ನು ಒಂದೇ ವಚನಕ್ಕೆ ನಿಲ್ಲಿಸಬೇಡಿರಿ, 4ನೇ ವಚನದವರೆಗೆ ಓದಿರಿ. ಅಲ್ಲಿ ದಾವೀದನು ಯಾರನ್ನು ಕುರಿತು ದುಃಖಪಡುತ್ತಿದ್ದಾನೆ? ರೊಟ್ಟಿ ತಿಂದ ಹಾಗೆ ಜನರನ್ನು ತಿನ್ನುವವರನ್ನು ಕುರಿತು. ಅಂದರೆ ಬಡವನನ್ನು ನುಂಗುವಾಗ ನೋಡುವವನು ಮೇಲೆ ಯಾರೂ ಇಲ್ಲ ಎಂದು ಹೃದಯದಲ್ಲಿ ಹೇಳಿಕೊಳ್ಳುವವನು. ಅಂಥವನು ಬಾಯಲ್ಲಿ ದಿನಾ ಸ್ತೋತ್ರ ಹೇಳುವವನೂ ಆಗಿರಬಹುದು. ನಿಮ್ಮ ಜೊತೆ ಊಟ ಹಂಚಿಕೊಂಡು, ಪ್ರಾಮಾಣಿಕವಾಗಿ ಪ್ರಶ್ನೆ ಕೇಳುವ ಗೆಳೆಯನ ಮೇಲೆ ಆ ವಚನವನ್ನು ಕಲ್ಲಿನ ಹಾಗೆ ಎಸೆಯಬೇಡಿರಿ.

ಇನ್ನೊಂದು ವಿಷಯ ಮರೀಬಾರದು. ನಾಸ್ತಿಕ ಅನ್ನುವ ಹೆಸರು ಮೊದಲ ಶತಮಾನಗಳಲ್ಲಿ ನಮಗೇ ಇತ್ತು. ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತರಿಗೆ ವಿಗ್ರಹ ಇರಲಿಲ್ಲ, ಗುಡಿ ಇರಲಿಲ್ಲ, ಚಕ್ರವರ್ತಿಗೆ ಧೂಪ ಹಾಕುತ್ತಿರಲಿಲ್ಲ, ಊರ ಹಬ್ಬದ ಬಲಿಯಲ್ಲಿ ಸೇರುತ್ತಿರಲಿಲ್ಲ. ಅದಕ್ಕೆ ಜನ ಅವರನ್ನು ದೇವರಿಲ್ಲದವರು ಅಂತ ಕರೆದರು. ಸ್ಮುರ್ನದ ಸಭೆಯ ಹಿರಿಯನಾದ ಪಾಲಿಕಾರ್ಪನನ್ನು ಎರಡನೇ ಶತಮಾನದಲ್ಲಿ ಬಯಲಿಗೆ ಎಳೆದುಕೊಂಡು ಬಂದಾಗ, ಆ ನಾಸ್ತಿಕರು ಹಾಳಾಗಲಿ ಎಂದು ತನ್ನ ಸ್ವಂತ ಜನರ ವಿರುದ್ಧವೇ ಹೇಳಬೇಕೆಂದು ಅಧಿಪತಿ ಅವನನ್ನು ಒತ್ತಾಯಿಸಿದ. ಹಬ್ಬಕ್ಕೆ ಸೇರದವರನ್ನು ಊರು ಹೇಗೆ ನೋಡುತ್ತದೆ ಅನ್ನುವುದು ನಮ್ಮ ಪೂರ್ವಿಕರಿಗೆ ಮೈಮೇಲೆ ಬಂದ ಅನುಭವ. ಆ ನೆನಪಿದ್ದವನು ಇನ್ನೊಬ್ಬನನ್ನು ಆ ಜಾಗದಲ್ಲಿ ನಿಲ್ಲಿಸಲಾರ.

ಈಗ ರಜೆಯ ಮಾತಿಗೆ ಬರೋಣ.

ಡಿಸೆಂಬರ್ 25 ಮತ್ತು ಶುಭ ಶುಕ್ರವಾರ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ರಜೆಗಳು. ಅದೇ ಪಟ್ಟಿಯಲ್ಲಿ ಯುಗಾದಿ, ರಂಜಾನ್, ಮಹಾವೀರ ಜಯಂತಿ, ಬಸವ ಜಯಂತಿ, ಕನಕದಾಸ ಜಯಂತಿ ಇವೆ. ಈ ರಜೆ ಸರ್ಕಾರ ಯೇಸುವಿಗೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಯೇಸು ಕರ್ತನೆಂದು ವಿಧಾನಸೌಧ ಒಪ್ಪಿಕೊಂಡಿದೆ ಅಂತ ಇದರ ಅರ್ಥ ಅಲ್ಲ. ನೆರೆಯವನು ನೆರೆಯವನಿಗೆ, "ಇವತ್ತು ನಿನಗ ದೊಡ್ಡ ದಿನ, ನೀನು ಮನೀಗೆ ಹೋಗು, ಕೆಲಸ ನಾಳೆ ನೋಡೋಣ" ಅಂತ ಹೇಳುವ ರೀತಿ ಇದು. ಸಂಕ್ರಾಂತಿಗೆ ಪಕ್ಕದ ಮನೆಯವರು ಕುಸುರೆಳ್ಳು ಕೊಡ್ತಾರ, ನಾವು ಡಿಸೆಂಬರ್‌ನಲ್ಲಿ ಕೇಕ್ ಕೊಡ್ತೀವಿ. ಅದರಿಂದ ಯಾರ ಉಪದೇಶವೂ ಬದಲಾಗೋದಿಲ್ಲ. ಆದರೆ ಓಣಿ ಉಳಿಯುತ್ತದೆ.

ಹಾಗಾದರೆ ರಜೆ ನಮ್ಮ ಹಕ್ಕೋ? ಎರಡು ತೀರ್ಪುಗಳನ್ನು ನೋಡಿರಿ. 2019ರಲ್ಲಿ ದಾದ್ರಾ ಮತ್ತು ನಗರ್ ಹವೇಲಿ, ದಮನ್ ಮತ್ತು ದಿಯುನಲ್ಲಿ ಆಡಳಿತವು ಶುಭ ಶುಕ್ರವಾರವನ್ನು ಕಡ್ಡಾಯ ರಜೆಯ ಪಟ್ಟಿಯಿಂದ ತೆಗೆದಾಗ ಅಲ್ಲಿನ ಕ್ರೈಸ್ತರು ಬಾಂಬೆ ಹೈಕೋರ್ಟಿಗೆ ಹೋದರು. ಕೋರ್ಟು ಆ ರಜೆಯನ್ನು ಮರಳಿ ಕೊಡಿಸಿತು. ಆದರೆ 2022ರಲ್ಲಿ ಅದೇ ಪ್ರದೇಶದ ಇನ್ನೊಂದು ರಜೆಯ ವಿಷಯದಲ್ಲಿ ಅದೇ ಹೈಕೋರ್ಟು, ಸಾರ್ವಜನಿಕ ರಜೆ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಹೇಳಿತು. ಎರಡನ್ನೂ ಸೇರಿಸಿ ಓದಿದರೆ ಒಂದು ಬುದ್ಧಿ ಬರುತ್ತದೆ. ಎಲ್ಲರ ಹಬ್ಬಕ್ಕೂ ರಜೆ ಇಟ್ಟು ಚಿಕ್ಕ ಗುಂಪಿನ ಒಂದೇ ದಿನವನ್ನು ಕಿತ್ತುಕೊಂಡರೆ ಕೇಳುವುದು ನ್ಯಾಯ. ರಜೆಯೇ ನಮ್ಮ ವಿಶ್ವಾಸದ ಬೇರು ಅಂತ ತಿಳಿದರೆ ಅದು ಅಜ್ಞಾನ.

2015ರಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಏಪ್ರಿಲ್ 3 ಶುಭ ಶುಕ್ರವಾರ. ಅಂದಿನಿಂದ ಈಸ್ಟರ್ ಭಾನುವಾರದವರೆಗೆ ದೆಹಲಿಯಲ್ಲಿ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನ ಇಟ್ಟಿದ್ದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಅವರು ಆಗಿನ ಮುಖ್ಯ ನ್ಯಾಯಮೂರ್ತಿ, ಕನ್ನಡಿಗರೇ ಆದ ಎಚ್.ಎಲ್. ದತ್ತು ಅವರಿಗೆ ಪತ್ರ ಬರೆದು, ಪವಿತ್ರ ದಿನಗಳಲ್ಲಿ ಇಂಥ ಕಾರ್ಯಕ್ರಮ ಇಡಬಾರದಿತ್ತು ಎಂದರು. ದತ್ತು ಅವರು ವ್ಯಕ್ತಿಯ ಅನುಕೂಲಕ್ಕಿಂತ ಸಂಸ್ಥೆಯ ಹಿತ ದೊಡ್ಡದಲ್ಲವೇ ಎಂಬ ಅರ್ಥದಲ್ಲಿ ಉತ್ತರ ಕೊಟ್ಟರು. ದೇಶದ ತುಂಬಾ ಚರ್ಚೆಯಾಯಿತು. ನನಗೆ ಅನಿಸುವುದು ಇಷ್ಟು: ಜೋಸೆಫ್ ಅವರು ಕೇಳಿದ್ದು ತಪ್ಪಲ್ಲ. ಬೈಯಲಿಲ್ಲ, ಬೀದಿಗೆ ಇಳಿಯಲಿಲ್ಲ, ಹೆಸರು ಹಾಕಿ ಪತ್ರ ಬರೆದರು. ದತ್ತು ಅವರು ಎತ್ತಿದ ಪ್ರಶ್ನೆಯೂ ಹಗುರವಾದದ್ದಲ್ಲ, ಏಕೆಂದರೆ ಆಸ್ಪತ್ರೆ, ರೈಲು, ಪೊಲೀಸ್ ಠಾಣೆ ಯಾವ ಹಬ್ಬಕ್ಕೂ ಬಾಗಿಲು ಹಾಕುವುದಿಲ್ಲ. ಡಿಸೆಂಬರ್ 25ರ ರಾತ್ರಿ ಡ್ಯೂಟಿ ಮಾಡುವ ನರ್ಸ್ ತಂಗಿಯರು ನಮ್ಮ ಸಭೆಗಳಲ್ಲೇ ಇದ್ದಾರ. ಅವರ ಕ್ರಿಸ್‌ಮಸ್ ಕಡಿಮೆ ಕ್ರಿಸ್‌ಮಸ್ ಏನ್ರಿ?

ದಿನದ ವಿಷಯದಲ್ಲಿ ಸತ್ಯವೇದ ನಮಗೆ ಬಹಳ ಬಿಡುಗಡೆ ಕೊಟ್ಟಿದೆ. ರೋಮಾಪುರದವರಿಗೆ 14ನೇ ಅಧ್ಯಾಯದಲ್ಲಿ ಪೌಲನು, ಒಬ್ಬನು ಒಂದು ದಿನವನ್ನು ವಿಶೇಷವೆಂದು ಎಣಿಸುತ್ತಾನೆ, ಮತ್ತೊಬ್ಬನು ಎಲ್ಲಾ ದಿನಗಳನ್ನೂ ಸಮವಾಗಿ ಎಣಿಸುತ್ತಾನೆ, ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ ಎಂಬ ಅರ್ಥದಲ್ಲಿ ಬರೆಯುತ್ತಾನೆ. ಕ್ರೈಸ್ತರಲ್ಲೇ ಈ ಬಗ್ಗೆ ಜಗಳವಾಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಲ್ಲಿ ಪ್ಯೂರಿಟನ್ ಕ್ರೈಸ್ತರು ಕಾನೂನು ಮಾಡಿ, ಕ್ರಿಸ್‌ಮಸ್ ಆಚರಿಸಿ ಕೆಲಸ ಬಿಟ್ಟವರಿಗೆ 5 ಶಿಲ್ಲಿಂಗ್ ದಂಡ ಹಾಕಿದರು. 1681ರವರೆಗೆ ಆ ಕಾನೂನು ಇತ್ತು. ಕ್ರಿಸ್‌ಮಸ್ ನಿಲ್ಲಿಸಿದವರು ನಾಸ್ತಿಕರಲ್ಲ, ಬೈಬಲ್ ಕೈಯಲ್ಲಿ ಹಿಡಿದವರು! ಹಾಗಾಗಿ ಗೆಳೆಯ ರಜೆಯ ಬಗ್ಗೆ ಪ್ರಶ್ನೆ ಕೇಳಿದ ಕೂಡಲೇ ನಮ್ಮ ದೇವರಿಗೆ ಅಪಮಾನವಾಯಿತು ಅಂತ ಎದ್ದು ನಿಲ್ಲಬೇಕಾಗಿಲ್ಲ. ನಮ್ಮ ಕರ್ತನು ಕ್ಯಾಲೆಂಡರಿನ ಕೆಂಪು ಅಂಕಿಯ ಆಧಾರದ ಮೇಲೆ ಬದುಕಿಲ್ಲ. ಸತ್ತವರೊಳಗಿಂದ ಎದ್ದಿದ್ದಾನೆ. ಹಲ್ಲೆಲೂಯಾ!

ರಜೆಗಿಂತ ದೊಡ್ಡ ಪ್ರಶ್ನೆ ಇನ್ನೊಂದು ಇದೆ. ಅದು ಬಲವಂತದ ಪ್ರಶ್ನೆ. ಇಲ್ಲಿ ಸ್ವಲ್ಪ ಗಮನ ಕೊಡ್ರಿ.

ನೀವು ಚಿಕ್ಕವರಿದ್ದಾಗ ಶಾಲೆಯಲ್ಲಿ ಶಾರದಾ ಪೂಜೆ ಇರ್ತಿತ್ತು. ನಿಮ್ಮಪ್ಪ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವವರಾದರೆ, ಬನಹಟ್ಟಿಯಲ್ಲಿ ಮಗ್ಗ ನಡೆಸುವವರಾದರೆ, ಖಂಡೇನವಮಿ ದಿನ ಯಂತ್ರಕ್ಕೆ ಪೂಜೆ ಇರ್ತದ. ಅಲ್ಲಿ ಮನಸ್ಸಾಕ್ಷಿಗೆ ವಿರುದ್ಧವಾಗಿ ಕೈ ಮುಗಿಯಲಾರದೆ ಒಬ್ಬ ವಿಶ್ವಾಸಿ ಸುಮ್ಮನೆ ನಿಂತಿರುತ್ತಾನೆ. ಹೀಗೆ ನಿಲ್ಲುವುದಕ್ಕೆ ಅವನಿಗೆ ಯಾವ ರಕ್ಷಣೆ ಇದೆ? ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ, ಆರಾಧನೆಗೆ ಸೇರಿಸಬಾರದು ಎಂದು 28ನೇ ವಿಧಿ ಹೇಳುತ್ತದೆ. ಈ ಮಾತಿನಲ್ಲಿ ಕ್ರೈಸ್ತ ಎಂಬ ಪದ ಇಲ್ಲ. ಇದು ಎಲ್ಲರಿಗೂ ಒಂದೇ. ನಂಬುವವನಿಗೂ, ನಂಬದವನಿಗೂ.

1985ರಲ್ಲಿ ಕೇರಳದಲ್ಲಿ ಮೂವರು ಶಾಲಾ ಮಕ್ಕಳನ್ನು ಹೊರಗೆ ಹಾಕಿದರು. ಅವರು ಯೆಹೋವನ ಸಾಕ್ಷಿಗಳ ಕುಟುಂಬದವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರು, ಆದರೆ ತಮ್ಮ ನಂಬಿಕೆಯ ಕಾರಣ ಹಾಡಲಿಲ್ಲ. ಅವರ ಉಪದೇಶವನ್ನು ನಾವು ಒಪ್ಪುವುದಿಲ್ಲ, ನೀವು ರಾಷ್ಟ್ರಗೀತೆ ಹಾಡಬೇಕು, ಚೆನ್ನಾಗಿ ಹಾಡಬೇಕು. ಆದರೆ 1986ರಲ್ಲಿ ಸುಪ್ರೀಂ ಕೋರ್ಟು ಆ ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಲು ಆದೇಶ ಮಾಡಿತು. ಗೌರವದಿಂದ ನಿಂತರೆ ಸಾಕು, ಬಾಯಿ ತೆರೆಸಲು ಯಾವ ಕಾನೂನೂ ಇಲ್ಲ ಎಂದಿತು. ಮುಂದೆ ಮಹಾರಾಷ್ಟ್ರದ ನಾಸಿಕ್‌ನಲ್ಲಿ, ದೇವರನ್ನು ನಂಬದ ಒಬ್ಬ ಶಿಕ್ಷಕರು ಪ್ರಾರ್ಥನೆಯ ಹೊತ್ತಿನಲ್ಲಿ ಕೈ ಮುಗಿಯಲಿಲ್ಲವೆಂದು ಅವರ ವೇತನ ಬಡ್ತಿಗೆ ತಡೆ ಬಂತು. 2013ರಲ್ಲಿ ಬಾಂಬೆ ಹೈಕೋರ್ಟು ಶಿಕ್ಷಕರ ಪರ ನಿಂತಿತು. ಈಗ ನೀವೇ ಹೇಳ್ರಿ: ಕೇರಳದ ಆ ಮಕ್ಕಳಿಗೆ ಸಿಕ್ಕ ನೆರಳು, ನಾಸಿಕ್‌ನ ಆ ನಾಸ್ತಿಕ ಶಿಕ್ಷಕರಿಗೆ ಸಿಕ್ಕ ನೆರಳು, ಖಂಡೇನವಮಿ ದಿನ ಕೈ ಕಟ್ಟಿ ನಿಂತ ನಿಮ್ಮಪ್ಪನಿಗೆ ಸಿಗಬೇಕಾದ ನೆರಳು ಬೇರೆ ಬೇರೆ ಮರದ್ದಾ? ಒಂದೇ ಮರದ್ದು. ಅದನ್ನು ನಾಸ್ತಿಕನಿಗೆ ಕೊಡಬಾರದು ಅಂತ ಕೊಡಲಿ ಎತ್ತಿದರೆ, ನಾವು ಕುಳಿತ ಕೊಂಬೆಯನ್ನೇ ಕಡಿಯುತ್ತೇವೆ.

ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. ಮಹಾರಾಷ್ಟ್ರದಲ್ಲಿ ಫುಲ್ ಗಾಸ್ಪೆಲ್ ಚರ್ಚ್ ಆಫ್ ಗಾಡ್ ಎಂಬ ಸಂಘದ ಕೆಲವರು, ನಾವು ಯೇಸುವನ್ನು ನಂಬುತ್ತೇವೆ, ಆದರೆ ಯಾವ ಧರ್ಮದ ಹೆಸರೂ ನಮಗೆ ಬೇಡ, ಸರ್ಕಾರದ ಕಾಗದದಲ್ಲಿ ಧರ್ಮವಿಲ್ಲ ಎಂದು ಬರೆಯಿರಿ ಎಂದು ಕೇಳಿದರು. ಸರ್ಕಾರ ಒಪ್ಪಲಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠವು, ಧರ್ಮ ಯಾವುದೆಂದು ಹೇಳಲೇಬೇಕೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ, ಯಾವ ಧರ್ಮಕ್ಕೂ ಸೇರಿಲ್ಲವೆಂದು ಹೇಳುವ ಹಕ್ಕೂ ಇದೆ ಎಂದು ತೀರ್ಪು ಕೊಟ್ಟಿತು. ಯೇಸುವನ್ನು ನಂಬುವವರು ತೆರೆದ ಬಾಗಿಲಿನಿಂದ ಇವತ್ತು ನಾಸ್ತಿಕರೂ ಒಳಗೆ ಬರುತ್ತಾರೆ. ಅದೇ ಓಕಾ ಅವರು ಮುಂದೆ ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಸುಪ್ರೀಂ ಕೋರ್ಟಿನಲ್ಲಿದ್ದಾಗ 2024ರ ಮಾರ್ಚ್‌ನಲ್ಲಿ ಪುಣೆ ಹತ್ತಿರದ ಒಂದು ಕಾರ್ಯಕ್ರಮದಲ್ಲಿ, ಕೋರ್ಟಿನ ಸಮಾರಂಭಗಳಲ್ಲಿ ಪೂಜೆ ಬಿಟ್ಟು ಸಂವಿಧಾನದ ಪೀಠಿಕೆಗೆ ತಲೆಬಾಗೋಣ ಎಂದು ಹೇಳಿದರು.

ಪ್ರಮಾಣವಚನದ ಕಥೆಯೂ ಹಾಗೇ. ನಮ್ಮ ಶಾಸಕರು, ಮಂತ್ರಿಗಳು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೇವರ ಹೆಸರಿಲ್ಲದೆ ದೃಢೀಕರಿಸಬಹುದು. ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಎರಡೂ ಇವೆ. ಈ ಎರಡನೇ ದಾರಿ ಎಲ್ಲಿಂದ ಬಂತು? ಇಂಗ್ಲೆಂಡಿನಲ್ಲಿ ಕ್ವೇಕರ್ ಎಂಬ ಕ್ರೈಸ್ತರು ಮತ್ತಾಯ 5ನೇ ಅಧ್ಯಾಯದ ಮಾತನ್ನು ಹಿಡಿದು, ಆಣೆ ಇಡಲಾರೆವು, ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ ಎಂದು ನಿಂತರು. 1695ರ ಕಾನೂನಿನಲ್ಲಿ ಅವರಿಗೆ ಆಣೆಯಿಲ್ಲದೆ ದೃಢೀಕರಿಸುವ ಅವಕಾಶ ಸಿಕ್ಕಿತು. ಸುಮಾರು ಎರಡು ಶತಮಾನ ಕಳೆದ ಮೇಲೆ ಚಾರ್ಲ್ಸ್ ಬ್ರಾಡ್ಲಾ ಎಂಬ ನಾಸ್ತಿಕ 1880ರಲ್ಲಿ ಪಾರ್ಲಿಮೆಂಟಿಗೆ ಗೆದ್ದು ಬಂದರೂ ಪ್ರಮಾಣದ ಕಾರಣ ವರ್ಷಗಟ್ಟಲೆ ಒಳಗೆ ಕೂರಲು ಬಿಡಲಿಲ್ಲ. 1888ರಲ್ಲಿ ಕಾನೂನು ಬದಲಾಗಿ ಎಲ್ಲರಿಗೂ ಆ ದಾರಿ ತೆರೆಯಿತು. ದೇವರಿಗೆ ಹೆದರಿ ಆಣೆ ಇಡದವನೂ ದೇವರಿಲ್ಲವೆಂದು ಆಣೆ ಇಡದವನೂ ಈಗ ಒಂದೇ ವಾಕ್ಯ ಓದುತ್ತಾರೆ. ಸುಳ್ಳು ಆರಾಧನೆಗಿಂತ ಪ್ರಾಮಾಣಿಕ ಮೌನ ಒಳ್ಳೆಯದು ಎಂಬುದನ್ನು ಇಬ್ಬರೂ ಒಪ್ಪಿದ್ದಾರೆ.

ಹಾಗಾದ್ರೆ ನಾಸ್ತಿಕ ಗೆಳೆಯ ಹೇಳಿದ್ದೆಲ್ಲಾ ಸರಿನಾ ಪಾಸ್ಟರ್ ಅಂತ ಕೇಳ್ತೀರಿ. ಇಲ್ಲ. ಅವನಿಗೂ ಒಂದು ಮಾತು ಹೇಳಬೇಕು. ದೇವರನ್ನು ಮನೆಯೊಳಗೆ ಇಟ್ಟುಕೋ, ಬೀದಿಗೆ ತರಬೇಡ ಅನ್ನುವುದು ನ್ಯಾಯವಲ್ಲ. ಅವನು ತನ್ನ ವಿಚಾರವನ್ನು ಮನೆಯೊಳಗೆ ಇಟ್ಟುಕೊಂಡಿದ್ದಾನಾ? ಭಾಷಣ ಮಾಡುತ್ತಾನೆ, ಪುಸ್ತಕ ಬರೆಯುತ್ತಾನೆ, ಮಾಡಲಿ, ಅದು ಅವನ ಹಕ್ಕು. ಹಾಗೆಯೇ ನಾವು ಡಿಸೆಂಬರ್‌ನಲ್ಲಿ ಓಣಿಯಲ್ಲಿ ಹಾಡುತ್ತಾ ಹೋಗುವುದು, ಮನೆ ಮುಂದೆ ನಕ್ಷತ್ರ ತೂಗುಹಾಕುವುದು ನಮ್ಮ ಹಕ್ಕು. ಬೀದಿ ಎಲ್ಲರದು. ಎಲ್ಲರದು ಅಂದರೆ ಎಲ್ಲರನ್ನೂ ಹೊರಗೆ ಹಾಕಿ ಖಾಲಿ ಮಾಡುವುದಲ್ಲ, ಎಲ್ಲರಿಗೂ ನಡೆಯಲು ಬಿಡುವುದು. ಸರ್ಕಾರದ ಖುರ್ಚಿಯ ಮಾತು ಬೇರೆ. ಅಲ್ಲಿ ಕೂತವನು ಒಂದು ಧರ್ಮದ ಪರವಾಗಿ ಕೂರಬಾರದು, ಅದು ನಮ್ಮ ಧರ್ಮವಾದರೂ ಸರಿ. ಇಟಲಿಯಲ್ಲಿ ಶಾಲೆಯ ಗೋಡೆಯ ಮೇಲಿನ ಶಿಲುಬೆಯನ್ನು ತೆಗೆಯಬೇಕೆಂದು ಒಬ್ಬ ತಾಯಿ ಯುರೋಪಿನ ಮಾನವ ಹಕ್ಕುಗಳ ಕೋರ್ಟಿಗೆ ಹೋದಾಗ, 2009ರಲ್ಲಿ ಆಕೆಯ ಪರ, 2011ರಲ್ಲಿ ಇಟಲಿಯ ಪರ ತೀರ್ಪು ಬಂತು. ಅಲ್ಲಿ ಶಿಲುಬೆ ಉಳಿದದ್ದಕ್ಕೆ ಖುಷಿಪಡುವ ಮೊದಲು ಯೋಚನೆ ಮಾಡ್ರಿ: ನಮ್ಮ ಊರಿನ ಸರ್ಕಾರಿ ಶಾಲೆಯ ಗೋಡೆಯ ಮೇಲೆ ಬಹುಸಂಖ್ಯಾತರ ಚಿಹ್ನೆ ಇರಲಿ ಎಂಬ ನ್ಯಾಯ ನಿಮಗೆ ಒಪ್ಪಿಗೆಯಾ? ಅಲ್ಲಿಗೆ ಒಂದು ತಕ್ಕಡಿ, ಇಲ್ಲಿಗೆ ಒಂದು ತಕ್ಕಡಿ ಇಡುವುದು ಯೆಹೋವನಿಗೆ ಅಸಹ್ಯ.

ಗೆಳೆಯ ನಮ್ಮ ಬಗ್ಗೆ ಹೇಳುವ ಕೆಲವು ಮಾತು ಸತ್ಯ. ಅದನ್ನೂ ಕೇಳಿಸಿಕೊಳ್ಳೋಣ. ಚೆನ್ನೈನಲ್ಲಿ ನಮ್ಮಂಥದೇ ಒಂದು ಪೆಂಟೆಕೋಸ್ಟಲ್ ಸಭೆಯ ಧ್ವನಿವರ್ಧಕದ ಮೇಲೆ ಕಾಲೋನಿಯವರು ದೂರು ಕೊಟ್ಟರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2000ದ ಆಗಸ್ಟ್ 30ರಂದು ಕೋರ್ಟು, ಇತರರ ಶಾಂತಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದಿತು. ನಮ್ಮ ಸಭೆ ಸೋತಿತು. ಆ ಸೋಲು ಸತ್ಯವೇದಕ್ಕೆ ಹತ್ತಿರವಾಗಿತ್ತು, ಯಾಕಂದ್ರೆ ಬಾಗಿಲು ಮುಚ್ಚಿ ಕೋಣೆಯೊಳಗೆ ಪ್ರಾರ್ಥಿಸಲು ಯೇಸುವೇ ಕಲಿಸಿದ್ದಾನೆ. ಮಗುವಿಗೆ ಜ್ವರ ಬಂದ ಮನೆಯ ಪಕ್ಕದಲ್ಲಿ ರಾತ್ರಿ ಹನ್ನೊಂದಕ್ಕೆ ಸ್ಪೀಕರ್ ಹಾಕಿ ಗುಣಪಡಿಸು ಸ್ವಾಮೀ ಎಂದು ಕೂಗಿದರೆ ಆ ಮನೆಯವರಿಗೆ ಯಾವ ಸುವಾರ್ತೆ ಕೇಳಿಸೀತು?

ಅದ್ಭುತಗಳ ವಿಷಯವೂ ಹಾಗೇ. ಡಾ. ಎಚ್. ನರಸಿಂಹಯ್ಯ ಅವರು ನಮ್ಮ ನಾಡಿನ ಹೆಸರಾಂತ ವಿಚಾರವಾದಿ. ಗೌರಿಬಿದನೂರು ಕಡೆಯ ಬಡ ಕುಟುಂಬದಿಂದ ಬಂದು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಹಾಸ್ಟೆಲ್ ಕೋಣೆಯಲ್ಲೇ ಸರಳವಾಗಿ ಬದುಕಿದರು. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ, ಪ್ರಶ್ನೆ ಕೇಳದೆ ಒಪ್ಪಬೇಡಿ ಎಂದರು. ನಾವು ಗುಣಪಡಿಸುವ ದೇವರನ್ನು ನಂಬುತ್ತೇವೆ, ಆಮೆನ್. ಹಾಗೆ ನಂಬುವವರು ಪರೀಕ್ಷೆಗೆ ಯಾಕೆ ಹೆದರಬೇಕು? ಯೇಸು ಕುಷ್ಠರೋಗಿಯನ್ನು ಸ್ವಸ್ಥಮಾಡಿ, ಹೋಗಿ ಯಾಜಕನಿಗೆ ತೋರಿಸಿಕೋ ಎಂದನು. ಆ ಕಾಲದ ಪರೀಕ್ಷೆ ಅದೇ. ಟಿ.ಬಿ. ಗುಳಿಗೆ ನಿಲ್ಲಿಸು, ಇನ್ಸುಲಿನ್ ಬಿಡು ಎಂದು ಹೇಳುವವನು ವಿಶ್ವಾಸವೀರನಲ್ಲ, ಕೊಲೆಯ ದಾರಿಯಲ್ಲಿರುವವನು. ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದನ್ನು ನಮ್ಮ ರಾಜ್ಯದ 2017ರ ಮೌಢ್ಯ ವಿರೋಧಿ ಕಾಯ್ದೆ ನಿಷೇಧಿಸಿದೆ. ಪ್ರಾರ್ಥನೆಯ ಹೆಸರಿನಲ್ಲಿ ಅದನ್ನೇ ಮಾಡಿದರೆ ಅದು ಪುಣ್ಯವಾಗುವುದಿಲ್ಲ.

ಪ್ರಶ್ನೆ ಕೇಳುವವರಿಗೆ ಈ ನಾಡಿನಲ್ಲಿ ಏನಾಗಿದೆ ಅನ್ನುವುದು ಗೊತ್ತಲ್ಲ? ಮೂಢನಂಬಿಕೆಯ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಅವರನ್ನು 2013ರಲ್ಲಿ ಪುಣೆಯಲ್ಲಿ ಕೊಂದರು. ವಚನ ಸಾಹಿತ್ಯದ ದೊಡ್ಡ ವಿದ್ವಾಂಸರಾದ, ನಮ್ಮ ವಿಜಯಪುರ ಸೀಮೆಯ ಎಂ.ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಕೂಡಲಸಂಗಮ ಇರುವ ಜಿಲ್ಲೆಯವರು ನಾವು. ಹನ್ನೆರಡನೇ ಶತಮಾನದಲ್ಲಿ ಶರಣರು ಪ್ರಶ್ನೆ ಕೇಳಿದ ನೆಲ ಇದು. ಆ ಕೊಲೆಗಳನ್ನು ಕಂಡಾಗ, ಅವರು ನಮ್ಮವರಲ್ಲ ಬಿಡು ಅಂತ ಒಬ್ಬ ಕ್ರೈಸ್ತ ಅಂದುಕೊಂಡಿದ್ದರೆ, ಶಿಲುಬೆಯ ಕೆಳಗೆ ನಿಂತು ತಲೆ ಆಡಿಸಿ ಹೋದವರ ಸಾಲಿನಲ್ಲಿ ಅವನು ನಿಂತ ಹಾಗೆ.

ಈಗ ಎಲ್ಲಕ್ಕಿಂತ ಕಠಿಣವಾದ ಜಾಗಕ್ಕೆ ಬರುತ್ತೇನೆ. ಕೋರ್ಟು ಅಲ್ಲ, ಆಫೀಸು ಅಲ್ಲ, ನಮ್ಮ ಮನೆ.

2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಕಾಯ್ದೆ ಬಂದಾಗ ನಾವೆಲ್ಲಾ ಏನಂದೆವು? ಮನುಷ್ಯನಿಗೆ ಆತ್ಮಸಾಕ್ಷಿಯ ಸ್ವಾತಂತ್ರ್ಯ ಬೇಕು, ನಂಬಿಕೆಯನ್ನು ಆರಿಸಿಕೊಳ್ಳುವುದನ್ನು ಅಧಿಕಾರಿ ಕೇಳಬಾರದು ಅಂದೆವು. ಸರಿ. ಈಗ ಬೆಂಗಳೂರಿಗೆ ಹೋದ ನಿಮ್ಮ ತಮ್ಮ ಕ್ರಿಸ್‌ಮಸ್ ರಜೆಗೆ ಬೀಳಗಿಗೆ ಬರುತ್ತಾನೆ ಅಂದುಕೊಳ್ರಿ. ಬಂದು, "ಅಕ್ಕಾ, ನನಗ ಈಗ ನಂಬಿಕಿ ಉಳದಿಲ್ಲ, ನಾ ಚರ್ಚಿಗೆ ಬರಂಗಿಲ್ಲ" ಅಂತಾನ. ಆಗ ಏನು ಮಾಡ್ತೀರಿ? ಊರ ಮುಂದೆ ಮರ್ಯಾದೆ ಹೋಗುತ್ತದೆ ಅಂತ ಹೆದರಿಸಿ, ಅಮ್ಮನ ಕಣ್ಣೀರು ತೋರಿಸಿ, ಕುತ್ತಿಗೆ ಹಿಡಿದು ಆರಾಧನೆಗೆ ಎಳೆದು ತರ್ತೀರಾ? ಒಬ್ಬನು ನಮ್ಮ ಸಭೆಯೊಳಗೆ ಬರಲು ಯಾವ ಸ್ವಾತಂತ್ರ್ಯ ಬೇಕೋ, ಹೊರಗೆ ನಿಲ್ಲಲೂ ಅದೇ ಸ್ವಾತಂತ್ರ್ಯ ಬೇಕು. ಒಳಗೆ ಬರಲು ಮಾತ್ರ ಇರುವ ಬಾಗಿಲಿಗೆ ಬಾಗಿಲು ಅನ್ನುವುದಿಲ್ಲ, ಬಲೆ ಅನ್ನುತ್ತಾರೆ.

ಇದರರ್ಥ ದುಃಖಪಡಬಾರದು ಅಂತಲ್ಲ. ದುಃಖಪಡ್ರಿ, ಕಣ್ಣೀರಿನಿಂದ ಪ್ರಾರ್ಥಿಸ್ರಿ, ಅವನು ಕೇಳಿದರೆ ಉತ್ತರ ಕೊಡ್ರಿ. ನಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಕೇಳುವವರಿಗೆ ಸಾತ್ವಿಕತ್ವದಿಂದ ಉತ್ತರ ಕೊಡಲು ಸಿದ್ಧರಾಗಿರಿ ಎಂದು ಪೇತ್ರನು ಬರೆದದ್ದು ಇದನ್ನೇ. ಆದರೆ ಅವನ ಪಾಲಿನ ಊಟ ಅವನಿಗೆ ಬಡಿಸ್ರಿ. ಹೊಸ ಬಟ್ಟೆ ತಂದಿದ್ದರೆ ಕೊಡ್ರಿ. ಯೇಸು ಯಾರ ಕಾಲಿಗೆ ಹಗ್ಗ ಕಟ್ಟಿ ಹಿಂಬಾಲಿಸು ಅನ್ನಲಿಲ್ಲ. ಐಶ್ವರ್ಯವಂತನಾದ ಆ ಯೌವನಸ್ಥನು ಬೆನ್ನು ತಿರುಗಿಸಿ ಹೋದಾಗಲೂ ಅವನನ್ನು ಪ್ರೀತಿಸಿದನು, ಹೋಗಲು ಬಿಟ್ಟನು. ತಪ್ಪಿಹೋದ ಮಗನ ತಂದೆ ಮಗನಿಗೆ ಬೀಗ ಹಾಕಲಿಲ್ಲ, ದಾರಿ ನೋಡುತ್ತಾ ಇದ್ದನು.

ಆದಕಾರಣ ಈ ಡಿಸೆಂಬರ್‌ನಲ್ಲಿ ನಿಮ್ಮ ಗೆಳೆಯ ರಜೆಯ ಪ್ರಶ್ನೆ ಕೇಳಿದರೆ ಹೀಗೆ ಹೇಳ್ರಿ: "ಈ ರಜಾ ನನ್ನ ದೇವರು ಐದಾನ ಅಂತ ಸರ್ಕಾರ ಕೊಟ್ಟ ಚೀಟಿ ಅಲ್ಲಪಾ. ನೆರೆಹೊರೆಯವರ ಪ್ರೀತಿ ಅದು. ನೀನು ಕೈ ಮುಗೀಬೇಕಾಗಿಲ್ಲ. ನಿನ್ನನ್ನ ಯಾರರ ಬಲವಂತ ಮಾಡಿದರ ನಿನ್ನ ಪರವಾಗಿ ನಾ ನಿಲ್ತೀನಿ. ನಾಳೆ ಆಯುಧ ಪೂಜೆಯಾಗ ನನಗ ಕಷ್ಟ ಬಂದರ ನೀನೂ ನಿಲ್ಲು. ಈಗ ಊಟಕ್ಕ ನಮ್ಮ ಮನೀಗೆ ಬಾ." ಇಷ್ಟು ಹೇಳಿ ಕರೆದುಕೊಂಡು ಹೋಗಿರಿ. ಯಾಕೆ ನಂಬುತ್ತೀ ಅಂತ ಊಟ ಆದ ಮೇಲೆ ಅವನೇ ಕೇಳಬಹುದು. ಕೇಳದಿದ್ದರೂ ಊಟ ವ್ಯರ್ಥವಲ್ಲ.

ಪ್ರಾರ್ಥಿಸೋಣ. ಪ್ರೀತಿಯುಳ್ಳ ತಂದೆಯೇ, ನಿನ್ನ ಹೆಸರನ್ನು ಕಾಯುತ್ತೇವೆಂದು ನಿನ್ನ ಮಕ್ಕಳನ್ನು ನೋಯಿಸದಂತೆ ನಮ್ಮನ್ನು ಕಾಪಾಡು. ಮನಸ್ಸಾಕ್ಷಿಗೋಸ್ಕರ ಒಂಟಿಯಾಗಿ ನಿಲ್ಲುವ ನಮ್ಮ ಯೌವನಸ್ಥರಿಗೆ ಧೈರ್ಯ ಕೊಡು. ನಿನ್ನನ್ನು ಇನ್ನೂ ಕಾಣದ ಗೆಳೆಯರ ಮುಂದೆ ನಮ್ಮ ಬಾಯಿಗಿಂತ ಮೊದಲು ನಮ್ಮ ನಡತೆ ಮಾತಾಡಲಿ. ಮನೆ ಬಿಟ್ಟು ದೂರವಾದವರು ಬಾಗಿಲು ತಟ್ಟಿದರೆ ತೆರೆಯುವ ಕೈ ನಮ್ಮದಾಗಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.